ಪತ್ತನಾಜೆಯಿಂದ ಪರ್ಯಾಯದವರೆಗೆ: ಉಡುಪಿಯ ಒಂದು ಸ್ಟುಡಿಯೋ ಎಸ್‌ಎಸ್‌ಡಿ ಕೊಂಡ ಪ್ರಕರಣ

ಹಿನ್ನೆಲೆ

ಉಡುಪಿ ಪೇಟೆಯ ಒಂದು ಫೋಟೋ-ವಿಡಿಯೋ ಸ್ಟುಡಿಯೋ. ಮಾಲೀಕರು, ಒಬ್ಬ ಎಡಿಟರ್, ಸೀಸನ್ನಿನಲ್ಲಿ ಬಂದು ಹೋಗುವ ಇಬ್ಬರು ಕ್ಯಾಮೆರಾ ಹುಡುಗರು, ಇಷ್ಟೇ ಜನ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದೆ. ಮದುವೆ, ಉಪನಯನ, ಗೃಹಪ್ರವೇಶ ಇವರ ಹೊಟ್ಟೆಪಾಡಿನ ಕೆಲಸ. ಅದರ ಜೊತೆಗೆ ಹರಕೆ ಆಟ ಆಡಿಸುವ ಮನೆಯವರಿಗೆ ಇಡೀ ಯಕ್ಷಗಾನವನ್ನು ಎರಡು ಕ್ಯಾಮೆರಾದಲ್ಲಿ ತೆಗೆದು ಕೊಡುತ್ತಾರೆ.

ಕರಾವಳಿಯಲ್ಲಿ ಈ ಕಸುಬಿಗೆ ಅದರದೇ ಪಂಚಾಂಗ ಉಂಟು. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಧನುರ್ಮಾಸದಲ್ಲಿ ನಿಂತ ಮದುವೆಗಳು ಸಂಕ್ರಾಂತಿ ಕಳೆದದ್ದೇ ಒಟ್ಟೊಟ್ಟಿಗೆ ಬೀಳುತ್ತವೆ. ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ಪಾಸ್‌ಪೋರ್ಟ್ ಸೈಜಿನ ಫೋಟೋ ಬಿಟ್ಟರೆ ಬೇರೆ ಗಿರಾಕಿ ಇಲ್ಲ. ಕಂಪ್ಯೂಟರಿನ ಹೊಟ್ಟೆ ಬಿಚ್ಚುವುದು ಯಾವಾಗ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಪಂಚಾಂಗದಲ್ಲೇ ಇತ್ತು.

ಎಡಿಟಿಂಗ್ ಕಂಪ್ಯೂಟರ್ 2018ರಲ್ಲಿ ಜೋಡಿಸಿದ್ದು: ಇಂಟೆಲ್ ಐ5-8400, ಬಿ360 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 16 ಜಿಬಿ ಮೆಮೊರಿ, ಜಿಟಿ 1030 ಗ್ರಾಫಿಕ್ಸ್ ಕಾರ್ಡ್. ವಿಂಡೋಸ್ 10 ಇದ್ದದ್ದು 240 ಜಿಬಿಯ ಸಾಟಾ ಎಸ್‌ಎಸ್‌ಡಿಯಲ್ಲಿ (ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯಿಲ್ಲದೆ ಫ್ಲ್ಯಾಶ್ ಚಿಪ್ಪಿನಲ್ಲಿ ಬರೆದಿಡುವ ಡಿಸ್ಕು; ಸಾಟಾ ಅದನ್ನು ಜೋಡಿಸುವ ಹಳೆಯ ಬಗೆ), ಕೆಲಸವೆಲ್ಲ 2 ಟಿಬಿ ಹಾರ್ಡ್‌ಡಿಸ್ಕಿನಲ್ಲಿ. ಮುಗಿದ ಕೆಲಸ 4 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗುತ್ತಿತ್ತು, ಅದೂ ನೆನಪಾದ ದಿನ. ಪಕ್ಕದ ಮೇಜಿನಲ್ಲಿ ಆಲ್ಬಂ ಡಿಸೈನಿಗೆ ಇನ್ನೊಂದು ಹಳೆಯ ಕಂಪ್ಯೂಟರ್.

ತೊಂದರೆ

2025ರ ಸೀಸನ್ ಮುಗಿಯುವ ಹೊತ್ತಿಗೆ ದೂರು ಮೂರು. 128 ಜಿಬಿಯ ಒಂದು ಕಾರ್ಡು ಇಳಿಸಲು ಒಂದು ಗಂಟೆ. ಎರಡು ಕ್ಯಾಮೆರಾದ ದೃಶ್ಯ ಟೈಮ್‌ಲೈನಿನಲ್ಲಿ ಒಟ್ಟಿಗಿಟ್ಟರೆ ತಡವರಿಸುವುದು. ನಲವತ್ತು ನಿಮಿಷದ ಫಿಲ್ಮ್ ಎಕ್ಸ್‌ಪೋರ್ಟ್ ಆಗಲು ಒಂದು ಗಂಟೆ ಐವತ್ತು ನಿಮಿಷ. ಮೂರಕ್ಕೂ ಮಾಲೀಕರು ಬಳಸುತ್ತಿದ್ದ ಮಾತು ಒಂದೇ, “ಸ್ಲೋ”. ಮುಂದೆ ಆದ ಎಡವಟ್ಟಿಗೆ ಮೂಲವೂ ಇದೇ ಮಾತು. ಈ ಮೂರು ನಿಧಾನಗಳಿಗೆ ಮೂರು ಬೇರೆ ಬೇರೆ ಕಾರಣಗಳಿದ್ದವು.

ರಿಪೇರಿಯವರು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂ ಹಾಕಿ ನೋಡಿದಾಗ ಹಾರ್ಡ್‌ಡಿಸ್ಕಿನ ಮೇಲೆ ಹಳದಿ ಎಚ್ಚರಿಕೆ ಬಂದಿತ್ತು. ಸಿ5 ಸಾಲಿನಲ್ಲಿ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕದಲ್ಲಿ, 8 ಎಂದಿತ್ತು. “ಎಸ್‌ಎಸ್‌ಡಿ ಹಾಕಿಸಿ, ಎಲ್ಲ ಸರಿಯಾಗ್ತದೆ” ಎಂದರು.

ಮೊದಲ ಖರೀದಿ

ಪತ್ತನಾಜೆ ಕಳೆದ ವಾರವೇ ಮಾಲೀಕರು 1 ಟಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತಂದರು. ಅಂಗಡಿಯಲ್ಲಿ ಇದ್ದದ್ದರಲ್ಲಿ ಅಗ್ಗದ್ದು, 4,300 ರೂಪಾಯಿ. ಬಿಲ್ ಬೇಡವೆಂದರೆ 250 ಕಡಿಮೆ ಎಂದದ್ದಕ್ಕೆ ಬಿಲ್ಲೂ ಇಲ್ಲ. ಪೆಟ್ಟಿಗೆಯ ಮೇಲೆ “ಸೆಕೆಂಡಿಗೆ 550 ಎಂಬಿ” ಎಂದು ದೊಡ್ಡದಾಗಿ ಇತ್ತು. ಸಾಟಾ ಕನೆಕ್ಷನ್ನಿನ ಮಿತಿಯೇ ಸುಮಾರು ಅಷ್ಟು, ಹಾಗಾಗಿ ಆ ಅಂಕಿ ಎಲ್ಲ ಸಾಟಾ ಎಸ್‌ಎಸ್‌ಡಿಗಳ ಪೆಟ್ಟಿಗೆಯ ಮೇಲೂ ಹೆಚ್ಚುಕಡಿಮೆ ಅದೇ ಇರುತ್ತದೆ. ಒಂದರಿಂದ ಇನ್ನೊಂದನ್ನು ಬೇರೆ ಮಾಡಿ ತೋರಿಸುವುದಿಲ್ಲ. ಒಳಗಿನ ಫ್ಲ್ಯಾಶ್ ಯಾವ ಜಾತಿಯದ್ದು ಎಂದು ಎಲ್ಲಿಯೂ ಬರೆದಿರಲಿಲ್ಲ.

ಹಾರ್ಡ್‌ಡಿಸ್ಕಿನಲ್ಲಿದ್ದ 600 ಜಿಬಿ ಕೆಲಸವನ್ನು ಅದಕ್ಕೆ ಕಾಪಿಗೆ ಇಟ್ಟರು. ಹಾರ್ಡ್‌ಡಿಸ್ಕ್ ಓದುವುದೇ ಸೆಕೆಂಡಿಗೆ 140 ಎಂಬಿ, ಆದ್ದರಿಂದ ಅದಕ್ಕಿಂತ ಬೇಗ ಆಗುವಂತಿರಲಿಲ್ಲ. ಮೊದಲ 200 ಜಿಬಿ ಅದೇ ವೇಗದಲ್ಲಿ 24 ನಿಮಿಷದಲ್ಲಿ ಹೋಯಿತು. ಆಮೇಲೆ ಕಾಪಿಯ ಗೆರೆ ಒಮ್ಮೆಲೇ ಕುಸಿದು 60 ಎಂಬಿಯಲ್ಲಿ ಕೂತಿತು. ಉಳಿದ 400 ಜಿಬಿಗೆ ಹತ್ತಿರ ಹತ್ತಿರ ಎರಡು ಗಂಟೆ.

“ಅಣ್ಣ, ಇದು ಹಳೇ ಡಿಸ್ಕಿಗಿಂತ ನಿಧಾನ ಉಂಟು,” ಎಂದ ಎಡಿಟರ್.

“ಎಂತ ಮಾರಾಯ, ನಾಲ್ಕು ಸಾವಿರ ಕೊಟ್ಟು ತಂದದ್ದು!”

ಡಿಸ್ಕ್ ಕೆಟ್ಟಿರಲಿಲ್ಲ, ಅದರ ಸ್ವಭಾವವೇ ಹಾಗೆ. ಫ್ಲ್ಯಾಶಿನ ಒಂದೊಂದು ಕೋಶದಲ್ಲಿ ಟಿಎಲ್‌ಸಿ ಆದರೆ 3 ಬಿಟ್, ಕ್ಯೂಎಲ್‌ಸಿ ಆದರೆ 4 ಬಿಟ್ ಹಿಡಿಸುತ್ತಾರೆ. ಒಂದೇ ಕೋಶದಲ್ಲಿ 4 ಬಿಟ್ ಬರೆಯಬೇಕೆಂದರೆ 16 ವೋಲ್ಟೇಜ್ ಮಟ್ಟಗಳಲ್ಲಿ ಸರಿಯಾದ ಒಂದನ್ನು ಗುರಿಯಿಟ್ಟು ಕೂರಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಈ ನಿಧಾನ ಗಿರಾಕಿಗೆ ಕಾಣದಿರಲೆಂದು ಡಿಸ್ಕು ಖಾಲಿ ಕೋಶಗಳಲ್ಲಿ ಮೊದಲು ತಲಾ ಒಂದೇ ಬಿಟ್ ಗೀಚಿಕೊಂಡು, ಬಿಡುವಾದಾಗ ಒತ್ತೊತ್ತಾಗಿ ಜೋಡಿಸಿಡುತ್ತದೆ. ಆ ಗೀಚುವ ಜಾಗಕ್ಕೇ ಎಸ್‌ಎಲ್‌ಸಿ ಕ್ಯಾಶ್ ಎನ್ನುವುದು. ಖಾಲಿ ಜಾಗವನ್ನೆಲ್ಲ ಹೀಗೆ ಬಳಸುವ ಕ್ಯೂಎಲ್‌ಸಿ ಡಿಸ್ಕಿನಲ್ಲಿ ಈ ಜಾಗ ಹೆಚ್ಚೆಂದರೆ ಉಳಿದ ಜಾಗದ ನಾಲ್ಕನೇ ಒಂದು. 1 ಟಿಬಿ ಎಂದರೆ ವಿಂಡೋಸ್ ತೋರಿಸುವುದು 931; ಅದರ ಕಾಲು ಭಾಗ ಸುಮಾರು 230. ಗೆರೆ ಕುಸಿದದ್ದು 200ರ ಹತ್ತಿರ ಎಂಬುದು ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. 600 ಜಿಬಿ ತುಂಬಿದ ಮೇಲೆ ಉಳಿದದ್ದು 330, ಆಗ ಕ್ಯಾಶ್ ಹೆಚ್ಚೆಂದರೆ 80 ಜಿಬಿ. ಡಿಸ್ಕ್ ತುಂಬಿದಷ್ಟೂ ಕುಸಿತ ಬೇಗ.

ಪೆಟ್ಟಿಗೆ ಒಡೆದ ಮಾಲು ವಾಪಸ್ಸಾಗಲಿಲ್ಲ, ಬಿಲ್ಲಿಲ್ಲದ್ದರಿಂದ ವಾದಿಸಲೂ ಆಗಲಿಲ್ಲ.

ಇದೇ ಹೊತ್ತಿಗೆ ಕ್ಯಾಮೆರಾ ಹುಡುಗನೊಬ್ಬ 16 ಟಿಬಿಯ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ 1,900 ರೂಪಾಯಿಗೆ ಸಿಗುತ್ತದೆಂದು ಲಿಂಕ್ ಕಳಿಸಿದ್ದ. ಇಂಥದ್ದರೊಳಗೆ ಇರುವುದು ಸಾಮಾನ್ಯವಾಗಿ ಸಣ್ಣದೊಂದು ಮೆಮೊರಿ ಕಾರ್ಡು ಮತ್ತು ಸುಳ್ಳು ಹೇಳಲು ಕಲಿಸಿದ ಕಂಟ್ರೋಲರ್. ನಿಜವಾದ ಜಾಗ ಮುಗಿದ ಮೇಲೂ ಕಾಪಿ ಆದಂತೆ ತೋರಿಸುತ್ತದೆ, ತೆರೆದರೆ ಫೈಲಿರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಪ್ರೋಗ್ರಾಂ ಇಡೀ ಡಿಸ್ಕನ್ನು ತುಂಬಿಸಿ ಮರಳಿ ಓದಿ ಈ ಮೋಸ ಹಿಡಿಯುತ್ತದೆ. ಆ ಬೆಲೆಗೆ ಆ ಅಳತೆ ಎಂದಾಗ ಪರೀಕ್ಷೆಯೂ ಬೇಡ, ಬಿಡಿ.

ಆಟಿಯಲ್ಲಿ ಅಳತೆ

ಜುಲೈ ಕೊನೆಯಲ್ಲಿ ಕೆಲಸವಿಲ್ಲದ ಒಂದು ದಿನ, ಮತ್ತೇನನ್ನೂ ಕೊಳ್ಳುವ ಮೊದಲು, ಎಡಿಟರ್ ಮೂರೂ ಕೆಲಸಗಳನ್ನು ಒಂದೊಂದಾಗಿ ಮಾಡಿ ಟಾಸ್ಕ್ ಮ್ಯಾನೇಜರಿನ ಅಂಕಿಗಳನ್ನು ಬರೆದುಕೊಂಡ. ನೋಡಿದ್ದು ಇಷ್ಟೇ: ಪ್ರೊಸೆಸರ್ ಎಷ್ಟು ಶೇಕಡಾ ದುಡಿಯುತ್ತಿದೆ, ಒಂದೊಂದು ಡಿಸ್ಕಿನ ಆಕ್ಟಿವ್ ಟೈಮ್ ಎಷ್ಟು, ರೆಸ್ಪಾನ್ಸ್ ಟೈಮ್ ಎಷ್ಟು ಮಿಲಿಸೆಕೆಂಡ್. ಈ ಪ್ರಕರಣದಲ್ಲಿ ನಿಜವಾಗಿ ದಾರಿ ತಿರುಗಿದ್ದು ಈ ಅರ್ಧ ದಿನದಲ್ಲಿ.

ಕಾರ್ಡ್ ಇಳಿಸುವಾಗ ವೇಗ 36 ಎಂಬಿ. ಪ್ರೊಸೆಸರ್ ಆರಾಮ, ಡಿಸ್ಕೂ ಆರಾಮ. ಇಬ್ಬರೂ ಕಾಯುತ್ತಿದ್ದದ್ದು ಕಾರ್ಡ್ ರೀಡರಿಗೆ. ಅದು ಕ್ಯಾಬಿನೆಟ್ಟಿನ ಮುಂಭಾಗದ ಯುಎಸ್‌ಬಿ 2 ಪೋರ್ಟಿನಲ್ಲಿ ಇತ್ತು, ಆ ಪೋರ್ಟಿನಿಂದ ಅದಕ್ಕಿಂತ ಹೆಚ್ಚು ಹೊರಡುವುದಿಲ್ಲ. 700 ರೂಪಾಯಿಯ ಯುಎಸ್‌ಬಿ 3 ರೀಡರನ್ನು ಹಿಂಭಾಗದ ಪೋರ್ಟಿಗೆ ಸಿಕ್ಕಿಸಿದಾಗ ಅದೇ ಕಾರ್ಡು 90 ಎಂಬಿಯಲ್ಲಿ ಓದಿತು. 128 ಜಿಬಿಗೆ 61 ನಿಮಿಷದ ಬದಲು 24 ನಿಮಿಷ.

ಎಕ್ಸ್‌ಪೋರ್ಟ್ ಮಾಡುವಾಗ ಪ್ರೊಸೆಸರ್ ಶೇ. 100, ಡಿಸ್ಕು ಶೇ. 5ಕ್ಕಿಂತ ಕಡಿಮೆ. ಇಲ್ಲಿ ಎಂಥ ಎಸ್‌ಎಸ್‌ಡಿ ಹಾಕಿದರೂ ಒಂದು ನಿಮಿಷವೂ ಉಳಿಯದು. ಆದರೆ ಹುಡುಕಿದಾಗ ಬೇರೆಯೇ ಒಂದು ಸಂಗತಿ ಸಿಕ್ಕಿತು. ಐ5-8400ರೊಳಗೇ ವಿಡಿಯೋ ಎನ್‌ಕೋಡ್ ಮಾಡುವ, ಅಂದರೆ ಒತ್ತಿ ಚಿಕ್ಕ ಫೈಲು ಮಾಡುವ, ಕ್ವಿಕ್ ಸಿಂಕ್ ಭಾಗ ಇದೆ. ಜಿಟಿ 1030 ಕಾರ್ಡಿನಲ್ಲಿ ಎನ್‌ಕೋಡರ್ ಇಲ್ಲವೇ ಇಲ್ಲ. ಆ ಗ್ರಾಫಿಕ್ಸ್ ಕಾರ್ಡ್ ಹಾಕಿದ ದಿನದಿಂದ ಬಯೋಸ್ (ಕಂಪ್ಯೂಟರ್ ಚಾಲೂ ಆಗುವಾಗ ಮೊದಲು ಓಡುವ ಮೂಲ ಪ್ರೋಗ್ರಾಂ) ಪ್ರೊಸೆಸರಿನ ಗ್ರಾಫಿಕ್ಸನ್ನು ಆಫ್ ಮಾಡಿಟ್ಟಿತ್ತು. ಏಳು ವರ್ಷ ಆ ಎನ್‌ಕೋಡರ್ ಮಲಗಿತ್ತು ಎಂದಾಯಿತು. ಬಯೋಸಿನಲ್ಲಿ ಒಳಗಿನ ಗ್ರಾಫಿಕ್ಸನ್ನು ಚಾಲೂ ಮಾಡಿ, ಇಂಟೆಲ್ ಡ್ರೈವರ್ ಹಾಕಿ, ಎಕ್ಸ್‌ಪೋರ್ಟಿನಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಆರಿಸಿದಾಗ ಒಂದು ಗಂಟೆ ಐವತ್ತು ನಿಮಿಷದ ಕೆಲಸ ಮುಕ್ಕಾಲು ಗಂಟೆಗೆ ಇಳಿಯಿತು. ಖರ್ಚು ಸೊನ್ನೆ.

ಟೈಮ್‌ಲೈನ್ ತಡವರಿಕೆ ಸ್ವಲ್ಪ ಗೋಜಲು. ದೃಶ್ಯಗಳು ಹೊಸ ಎಸ್‌ಎಸ್‌ಡಿಗೆ ಬಂದ ಮೇಲೆ ಓದುವುದು ಸರಾಗವಾಗಿತ್ತು, ಆದರೂ ನಡುನಡುವೆ ನಿಲ್ಲುತ್ತಿತ್ತು. ಆ ಕ್ಷಣಗಳಲ್ಲಿ ಶೇ. 100 ತೋರಿಸುತ್ತಿದ್ದದ್ದು ಸಿ ಡ್ರೈವ್. 240 ಜಿಬಿಯ ಆ ಹಳೆ ಎಸ್‌ಎಸ್‌ಡಿಯಲ್ಲಿ ಉಳಿದದ್ದು 11 ಜಿಬಿ. ಎಡಿಟಿಂಗ್ ಪ್ರೋಗ್ರಾಂ ತನ್ನ ಮೀಡಿಯಾ ಕ್ಯಾಶ್ ಫೈಲುಗಳನ್ನು (ದೃಶ್ಯ ಬೇಗ ತೋರಿಸಲು ತಾನೇ ಮಾಡಿಟ್ಟುಕೊಳ್ಳುವ ತಾತ್ಕಾಲಿಕ ಫೈಲುಗಳು; ಡಿಸ್ಕಿನೊಳಗಿನ ಎಸ್‌ಎಲ್‌ಸಿ ಕ್ಯಾಶ್ ಬೇರೆ) ಹೇಳದೆ ಕೇಳದೆ ಸಿ ಡ್ರೈವಿನ ಯೂಸರ್ ಫೋಲ್ಡರಿನೊಳಗೆ ಪೇರಿಸುತ್ತ ಬಂದಿತ್ತು. ಮೂರು ವರ್ಷದ ಹಿಂದಿನ ಮದುವೆಗಳ ಕ್ಯಾಶ್ ಸಹ ಅಲ್ಲಿತ್ತು. ಅದನ್ನು ಅಳಿಸಿದಾಗ 80 ಜಿಬಿ ಖಾಲಿಯಾಯಿತು, ತಡವರಿಕೆ ಬಹುಪಾಲು ಹೋಯಿತು.

ಹಾಗಾದರೆ ಇನ್ನೊಂದು ಎಸ್‌ಎಸ್‌ಡಿ ಯಾಕೆ? ರೀಡರ್ ಸರಿಮಾಡಿದ್ದೇ ಡಿಸ್ಕಿನ ದೌರ್ಬಲ್ಯ ಹೊರಗೆ ತಂದಿತು. ಕಾರ್ಡು 36 ಎಂಬಿಯಲ್ಲಿ ಬರುತ್ತಿದ್ದಾಗ, ಎಸ್‌ಎಲ್‌ಸಿ ಕ್ಯಾಶ್ ಮುಗಿದ ಮೇಲೂ 60 ಎಂಬಿ ನುಂಗಬಲ್ಲ ಡಿಸ್ಕಿಗೆ ತೊಂದರೆ ಇರಲಿಲ್ಲ. ಈಗ 90ರಲ್ಲಿ ಬರುತ್ತಿದೆ. ಸೀಸನ್ನಿನಲ್ಲಿ ಎರಡು ಕಾರ್ಡು ಒಟ್ಟಿಗೆ ಇಳಿಯುತ್ತಿರುವಾಗಲೇ ಎಡಿಟರ್ ಹಿಂದಿನ ಮದುವೆಯ ಕೆಲಸ ಮಾಡುತ್ತಿರುತ್ತಾನೆ. ಆ ಸಂದರ್ಭವನ್ನು ಹಾಗೆಯೇ ಕಟ್ಟಿ ನೋಡಿದಾಗ ಹತ್ತು ನಿಮಿಷದಲ್ಲಿ ಡಿಸ್ಕಿನ ರೆಸ್ಪಾನ್ಸ್ ಟೈಮ್ 1 ಮಿಲಿಸೆಕೆಂಡಿನಿಂದ 400ಕ್ಕೆ ಏರಿತು, ಟೈಮ್‌ಲೈನ್ ಕಲ್ಲಾಯಿತು. ಬೇಕಾದದ್ದು ಎರಡು ಕಾರ್ಡಿಗೆ 180, ಮೀಡಿಯಾ ಕ್ಯಾಶ್ ಬರೆಯಲು 50ರಷ್ಟು, ಒಟ್ಟು 230 ಎಂಬಿ. ಅದೂ ಗಂಟೆಗಟ್ಟಲೆ, ಕುಸಿಯದೆ. ಆ ಸ್ಟುಡಿಯೋಕ್ಕೆ ಬೇಕಿದ್ದ ಎಸ್‌ಎಸ್‌ಡಿಯ ವಿವರ ಆ ಒಂದು ಅಂಕಿಯಲ್ಲಿತ್ತು. ವೇಗದ ಎಸ್‌ಎಸ್‌ಡಿಗಳ ಪೆಟ್ಟಿಗೆಯ ಮೇಲಿನ 3,500, 7,000 ಎಂಬಿ ಎಂಬ ಅಂಕಿಗಳಿಗೂ ಅದಕ್ಕೂ ಸಂಬಂಧವಿಲ್ಲ.

ಯಾವುದು

ಮದರ್‌ಬೋರ್ಡಿನ ಕೈಪಿಡಿ ತೆರೆದರೆ ಡಿಸ್ಕನ್ನು ಬೋರ್ಡಿಗೇ ಸಿಕ್ಕಿಸುವ ಒಂದೇ ಎಂ.2 ಸ್ಲಾಟ್, 2280 ಅಳತೆಯದ್ದು (22 ಮಿಮೀ ಅಗಲ, 80 ಮಿಮೀ ಉದ್ದ), ಪಿಸಿಐಇ 3ರ ನಾಲ್ಕು ಲೇನ್ (ದತ್ತಾಂಶ ಹೋಗಿಬರುವ ವೇಗದ ದಾರಿಗಳು). ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಡಿಸ್ಕೂ ಬರುತ್ತದೆ, ಪಿಸಿಐಇ ದಾರಿಯಲ್ಲಿ ಓಡುವ ವೇಗದ ಎನ್‌ವಿಎಂಇ ಡಿಸ್ಕೂ ಬರುತ್ತದೆ. ಯಾವುದನ್ನು ಸ್ಲಾಟ್ ಒಪ್ಪುತ್ತದೆಂದು ಕೈಪಿಡಿ ನೋಡದೆ ತಂದು ಕೈಸುಟ್ಟುಕೊಂಡವರು ಬಹಳ. ಈ ಬೋರ್ಡಿನಲ್ಲಿ ಎಂ.2 ಸಾಟಾ ಹಾಕಿದರೆ ಒಂದು ಸಾಟಾ ಪೋರ್ಟ್ ಸತ್ತುಹೋಗುತ್ತದೆ ಎಂದೂ ಅದರ ಅಡಿಟಿಪ್ಪಣಿಯಲ್ಲಿತ್ತು. ಎನ್‌ವಿಎಂಇಗೆ ಆ ತೊಡಕಿಲ್ಲ.

230 ಎಂಬಿ ಸಾಕೆಂದರೆ ಒಳ್ಳೆಯ ಟಿಎಲ್‌ಸಿ ಸಾಟಾ ಡಿಸ್ಕೂ ನಡೆಯುತ್ತಿತ್ತು, ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಒಳ್ಳೆಯ ಸಾಟಾ ಡಿಸ್ಕಿಗೆ ತನ್ನ ವಿಳಾಸಪಟ್ಟಿ (ಯಾವ ದತ್ತಾಂಶ ಯಾವ ಕೋಶದಲ್ಲಿದೆ ಎಂಬ ಲೆಕ್ಕ) ಇಡಲು ಸ್ವಂತ ಮೆಮೊರಿ ಚಿಪ್, ಅಂದರೆ ಡಿರ್‍ಯಾಮ್ ಬೇಕು, ಅದರ ಬೆಲೆ ಆಗ ಎನ್‌ವಿಎಂಇಗಿಂತ ಹೆಚ್ಚೇ ಇತ್ತು. ಎನ್‌ವಿಎಂಇ ಡಿಸ್ಕಿಗೆ ಸ್ವಂತ ಡಿರ್‍ಯಾಮ್ ಇಲ್ಲದಿದ್ದರೂ ಕಂಪ್ಯೂಟರಿನ ಮೆಮೊರಿಯಿಂದ ಸ್ವಲ್ಪ ಸಾಲ ಪಡೆದು ತನ್ನ ವಿಳಾಸಪಟ್ಟಿ ಇಟ್ಟುಕೊಳ್ಳುವ ವ್ಯವಸ್ಥೆ ಇದೆ. ಸಾಟಾಕ್ಕೆ ಆ ಸೌಲಭ್ಯವಿಲ್ಲ. ಜೆನ್ 3 (ಪಿಸಿಐಇಯ ಮೂರನೇ ತಲೆಮಾರು) ಬೋರ್ಡಿಗೆ ಜೆನ್ 4 ಡಿಸ್ಕ್ ಹಾಕಿದರೆ ವೇಗ ಸುಮಾರು 3,500 ಎಂಬಿಗೆ ನಿಲ್ಲುತ್ತದೆ, ಅಷ್ಟೆ. ನಾಳೆ ಹೊಸ ಕಂಪ್ಯೂಟರಿಗೆ ಎತ್ತಿ ಹಾಕಬಹುದು. ಬೆಲೆಯಲ್ಲಿ ಎರಡಕ್ಕೂ ಆಗ ನೂರಿನ್ನೂರರ ವ್ಯತ್ಯಾಸ ಇತ್ತು.

ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಎಂದು ಪೆಟ್ಟಿಗೆ ಹೇಳದಿದ್ದಾಗ ಟಿಬಿಡಬ್ಲ್ಯೂ, ಅಂದರೆ ಒಟ್ಟು ಎಷ್ಟು ಟಿಬಿ ಬರೆಯುವವರೆಗೆ ವಾರಂಟಿ ಎಂಬ ಅಂಕಿ, ಸುಳಿವು ಕೊಡುತ್ತದೆ. 1 ಟಿಬಿ ಅಳತೆಯಲ್ಲಿ ಸ್ಯಾಮ್‌ಸಂಗ್ 870 ಇವೊಗೆ 600, ಅದೇ ಕಂಪನಿಯ ಕ್ಯೂಎಲ್‌ಸಿ ಮಾದರಿ 870 ಕ್ಯೂವಿಒಗೆ 360. ಡಬ್ಲ್ಯೂಡಿ ಬ್ಲ್ಯಾಕ್ ಎಸ್‌ಎನ್770ಕ್ಕೆ 600, ಕ್ರೂಷಿಯಲ್ ಪಿ3ಗೆ 220. ವಾರಂಟಿಯ ವರ್ಷ ಒಂದನ್ನೇ ನೋಡಿದರೆ ಮೋಸಹೋಗುತ್ತೀರಿ: ಪಿ3 ಕ್ಯೂಎಲ್‌ಸಿ ಆದರೂ ಐದು ವರ್ಷ.

ಮಾಲೀಕರು ಇಲ್ಲಿ ಹೆದರಿದ್ದು, “ನಾವು ದಿನಾ ಬರೆಯುವವರು, 220 ಬೇಗ ಮುಗಿಯುವುದಿಲ್ಲವಾ?” ಎಂದು. ಲೆಕ್ಕ ಹಾಕಿದರು. 100 ಎಂಬಿಪಿಎಸ್‌ನಲ್ಲಿ 4ಕೆ ತೆಗೆದರೆ ಗಂಟೆಗೆ 45 ಜಿಬಿ. ಒಂದು ಮದುವೆಗೆ ಎರಡು ಕ್ಯಾಮೆರಾ ಸೇರಿ ಮೂರು-ಮೂರೂವರೆ ಗಂಟೆಯ ದೃಶ್ಯ, ಅಂದರೆ 150 ಜಿಬಿ. ಕಾಲಮಿತಿಯ ಆಟಕ್ಕೂ ಫುಲ್ ಎಚ್‌ಡಿಯಲ್ಲಿ ತೆಗೆದರೆ ಹೆಚ್ಚುಕಡಿಮೆ ಅಷ್ಟೇ, ಬೆಳಗಿನವರೆಗಿನ ಆಟವಾದರೆ ಇನ್ನೂ ಜಾಸ್ತಿ. ವರ್ಷಕ್ಕೆ ನೂರು ಕಾರ್ಯಕ್ರಮವೆಂದರೂ 15 ಟಿಬಿ, ಕ್ಯಾಶ್-ಎಕ್ಸ್‌ಪೋರ್ಟ್ ಸೇರಿ 20. ಅತಿ ಕಡಿಮೆಯ 220 ಸಹ ಹತ್ತು ವರ್ಷಕ್ಕೆ ಬರುತ್ತದೆ. ಬಾಳಿಕೆ ಇವರ ಸಮಸ್ಯೆ ಆಗಿರಲೇ ಇಲ್ಲ. ಟಿಬಿಡಬ್ಲ್ಯೂ ಅಂಕಿ ಉಪಯೋಗಕ್ಕೆ ಬಂದದ್ದು ಒಳಗಿನ ಫ್ಲ್ಯಾಶಿನ ಜಾತಿ ಊಹಿಸಲು ಮಾತ್ರ. ಊಹೆಯನ್ನು ಖಚಿತ ಮಾಡಿಕೊಳ್ಳಲು ಆ ಮಾದರಿಯ ವಿಮರ್ಶೆಗಳಲ್ಲಿ ದೀರ್ಘ ಬರವಣಿಗೆಯ ಗ್ರಾಫ್ ನೋಡಿದರು. ಕ್ಯಾಶ್ ಮುಗಿದ ಮೇಲೆ ಗೆರೆ ಎಲ್ಲಿ ಹೋಗಿ ನಿಲ್ಲುತ್ತದೆಂದು ಅದರಲ್ಲಿ ಕಾಣುತ್ತದೆ. ಹೆಸರು ಅದೇ ಇಟ್ಟು ಒಳಗಿನ ಚಿಪ್ ಬದಲಿಸುವ ರೂಢಿ ಈ ವ್ಯಾಪಾರದಲ್ಲಿ ಇರುವುದರಿಂದ ಹೊಸ ವಿಮರ್ಶೆಯನ್ನೇ ನೋಡಬೇಕು.

ಉಳಿದದ್ದು ಅಳತೆ. ಒಮ್ಮೆಗೆ ನಾಲ್ಕು ಕೆಲಸ, ತಲಾ 150, ಒಟ್ಟು 600. ಮೀಡಿಯಾ ಕ್ಯಾಶಿಗೆ 60. ಐದನೇ ಒಂದು ಭಾಗ ಖಾಲಿ ಬಿಡಲು 186. ಎಲ್ಲ ಸೇರಿ 846, ಇರುವುದು 931. ಹಿಡಿಸುತ್ತದೆ. ಎಡಿಟರ್ 2 ಟಿಬಿ ಬೇಕೆಂದ. 1 ಟಿಬಿಗೆ 5,600, ಎರಡಕ್ಕೆ 10,600.

“ಈಗ ಒಂದು ಸಾಕು. ಬೇಕಾದರೆ ಮತ್ತೆ ಇನ್ನೊಂದು ಹಾಕುವ,” ಎಂದರು ಮಾಲೀಕರು.

ಸ್ಲಾಟ್ ಇದ್ದದ್ದು ಒಂದೇ ಎಂಬುದು ಆ ಮಾತಿನ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ.

ಯಾವಾಗ

ಮಾಲೀಕರ ಮನಸ್ಸಿನಲ್ಲಿದ್ದದ್ದು ದಸರಾ-ದೀಪಾವಳಿಯ ಆನ್‌ಲೈನ್ ಸೇಲ್. ಅದು ಬರುವ ಹೊತ್ತಿಗೆ ಮೇಳಗಳು ಹೊರಡುವ ಸಮಯ. ಸೀಸನ್ನಿನ ಬಾಗಿಲಲ್ಲಿ ಹೊಸ ಡಿಸ್ಕ್ ಕೂರಿಸಿ, ಅದು ಒಂದು ವಾರದಲ್ಲೇ ಕೈಕೊಟ್ಟರೆ ಬದಲಿಸಿ ತರುವಷ್ಟು ಪುರುಸೊತ್ತು ಇರುವುದಿಲ್ಲ. ಆಟಿಯಲ್ಲಿ ಹಾಕಿದರೆ ಮೂರು ತಿಂಗಳು ಪರೀಕ್ಷೆಗೇ ಸಿಗುತ್ತದೆ. ಈ ವಾದವೂ ಅವರನ್ನು ಪೂರ್ತಿ ಒಪ್ಪಿಸಿರಲಿಲ್ಲ.

ಒಪ್ಪಿಸಿದ್ದು ಹಾರ್ಡ್‌ಡಿಸ್ಕ್. ಆಗಸ್ಟ್ ಮೊದಲ ವಾರ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಮತ್ತೆ ತೆರೆದಾಗ ಸಿ5 ಸಾಲಿನಲ್ಲಿ 38 ಎಂದಿತ್ತು. ಎಂಟಿದ್ದದ್ದು ಮೂವತ್ತೆಂಟು ಎಂದು ಎಡಿಟರ್ ಹೇಳಿದ. ವಾಸ್ತವ ಇನ್ನೂ ಕೆಟ್ಟದ್ದು: ಆ ಪ್ರೋಗ್ರಾಂ ಕಚ್ಚಾ ಅಂಕಿಗಳನ್ನು ಹತ್ತರ ಬದಲು ಹದಿನಾರರ ಎಣಿಕೆಯಲ್ಲಿ (ಹೆಕ್ಸಾಡೆಸಿಮಲ್) ತೋರಿಸುತ್ತದೆ, ಅಲ್ಲಿಯ 38 ಎಂದರೆ ನಮ್ಮ 56. ಎರಡು ತಿಂಗಳಲ್ಲಿ ಏಳು ಪಟ್ಟು. ಸಂಖ್ಯೆ ನಿಂತಲ್ಲೇ ನಿಂತಿದ್ದರೆ ಕಾಯಬಹುದಿತ್ತು. ಏರುತ್ತಿರುವ ಸಂಖ್ಯೆಯ ಮುಂದೆ ಸೇಲಿನ ಲೆಕ್ಕ ಹಾಕುವಂತಿಲ್ಲ. ಅದೇ ವಾರ 1 ಟಿಬಿಯ ಟಿಎಲ್‌ಸಿ ಎನ್‌ವಿಎಂಇ ಎಸ್‌ಎಸ್‌ಡಿ ತಂದರು, ಜೊತೆಗೆ 4 ಟಿಬಿಯ ಹೊಸ ಹಾರ್ಡ್‌ಡಿಸ್ಕ್. ಈ ಸಲ ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡು.

ಬೆಲೆಯ ವಿಷಯ ಇಲ್ಲೇ ಹೇಳಿಬಿಡುವುದು ವಾಸಿ. ವರ್ಷದ ಕೊನೆಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಫ್ಲ್ಯಾಶ್, ಮೆಮೊರಿ ಎರಡರ ಬೆಲೆಯೂ ಏರಿ, ಆಗಸ್ಟಿನಲ್ಲಿ 5,600ಕ್ಕೆ ಬಂದ ಡಿಸ್ಕಿಗೆ ಜನವರಿಯಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚು ಕೇಳುತ್ತಿದ್ದರು. ಇದನ್ನು ಇವರ ಜಾಣತನವೆನ್ನಲು ಆಗದು, ಇವರಿಗೆ ಅದು ಗೊತ್ತಿರಲಿಲ್ಲ. 2011ರ ಥಾಯ್ಲೆಂಡಿನ ನೆರೆಗೆ ಹಾರ್ಡ್‌ಡಿಸ್ಕಿನ ಬೆಲೆ ಹಾರಿದ್ದೂ ಯಾರಿಗೂ ಮೊದಲೇ ತಿಳಿದಿರಲಿಲ್ಲ. 2022-23ರಲ್ಲಿ ಇದಕ್ಕೆ ತಿರುಗುಮುರುಗಾಗಿ ತಯಾರಕರ ಬಳಿ ಮಾಲು ಕೊಳೆತು ಬೆಲೆ ಇಳಿಯುತ್ತಲೇ ಹೋಯಿತು, ಆಗ ಕಾದವರೇ ಗೆದ್ದರು. ಸಾವಿರ ರೂಪಾಯಿಯ ಆಚೀಚೆಗಾಗಿ ಮಾರುಕಟ್ಟೆಯ ಶಕುನ ನೋಡುತ್ತ ಕೂರುವುದಕ್ಕಿಂತ ಡಿಸ್ಕಿನ ಸಿ5 ನೋಡುವುದು ಮೇಲು.

ಕೂರಿಸಿದ್ದು

ಎನ್‌ವಿಎಂಇ ಕೂರಿಸಲು ಐದು ನಿಮಿಷ ಸಾಕು, ಇವರಿಗೆ ಎರಡು ದಿನ ಹಿಡಿಯಿತು. ಕಾರಣ ಒಂದು ಸ್ಕ್ರೂ. ಎಂ.2 ಡಿಸ್ಕನ್ನು ಓರೆಯಾಗಿ ಸಿಕ್ಕಿಸಿ, ಮೇಲೇಳುವ ತುದಿಯನ್ನು ಒತ್ತಿ, ಎಂ2 ಅಳತೆಯ 3 ಮಿಮೀ ಸ್ಕ್ರೂನಿಂದ ಬಿಗಿಯಬೇಕು. ಸ್ಕ್ರೂ ಮತ್ತು ಅದರಡಿಯ ಪುಟ್ಟ ಹಿತ್ತಾಳೆ ಗುಬ್ಬಿ 2018ರ ಮದರ್‌ಬೋರ್ಡಿನ ಪೆಟ್ಟಿಗೆಯೊಂದಿಗೆ ಗುಜರಿಗೆ ಹೋಗಿದ್ದವು. ಟೇಪ್ ಹಚ್ಚುವ ಸಲಹೆ ಬಂತು. ಬಿಸಿಗೆ ಅಂಟು ಬಿಟ್ಟು ಡಿಸ್ಕ್ ಅರೆ ಎದ್ದರೆ ಕೆಲಸದ ನಡುವೆ ಮಾಯವಾಗುತ್ತದೆ, ಬೇಡವೆಂದದ್ದು ಸರಿ. ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ಎರಡೂ ಸಿಕ್ಕವು.

ಡಿಸ್ಕ್ ಗ್ರಾಫಿಕ್ಸ್ ಕಾರ್ಡಿನ ಅಡಿಗೆ ಬರುತ್ತಿದ್ದರಿಂದ ದೀರ್ಘ ಕಾಪಿ ಮಾಡಿ ಬಿಸಿ ನೋಡಿದರು: 68 ಡಿಗ್ರಿ. ಮೇ ತಿಂಗಳ ಸೆಕೆಗೆ ಇನ್ನೂ ಆರೇಳು ಸೇರಿದರೂ ತಾನಾಗಿ ವೇಗ ತಗ್ಗಿಸುವ ಮಟ್ಟಕ್ಕೆ ಹೋಗದು. 300 ಜಿಬಿಯ ಕಾಪಿಯಲ್ಲಿ ಗೆರೆ ಕುಸಿಯಲಿಲ್ಲ.

ಹಳೆಯ 240 ಜಿಬಿಯನ್ನೇ ವಿಂಡೋಸಿಗೆ ಬಿಟ್ಟು, ಹೊಸದನ್ನು ನಡೆಯುತ್ತಿರುವ ಕೆಲಸಕ್ಕೂ ಕ್ಯಾಶಿಗೂ ಇಟ್ಟರು. ಅಗ್ಗದ ಮೊದಲ ಎಸ್‌ಎಸ್‌ಡಿ ಆಲ್ಬಂ ಕಂಪ್ಯೂಟರಿಗೆ ಹೋಯಿತು. ಅಲ್ಲಿ ಒಮ್ಮೆಗೆ ಐದಾರು ಜಿಬಿಗಿಂತ ಹೆಚ್ಚು ಬರೆಯುವುದಿಲ್ಲವಾದ್ದರಿಂದ ಅದು ಇವತ್ತಿಗೂ ಹಾರುತ್ತದೆ. ಕೆಟ್ಟ ಡಿಸ್ಕೆಂದು ಬೈಸಿಕೊಂಡದ್ದು ತಪ್ಪು ಜಾಗದಲ್ಲಿತ್ತು, ಅಷ್ಟೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಐ5-8400 ವಿಂಡೋಸ್ 11ರ ಪಟ್ಟಿಯಲ್ಲಿದೆ. ಇನ್ನೊಂದು ತಲೆಮಾರು ಹಿಂದಿನ ಪ್ರೊಸೆಸರ್ ಆಗಿದ್ದರೆ ಈ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕುವುದೇ ಯೋಚಿಸಬೇಕಾದ ವಿಷಯವಾಗುತ್ತಿತ್ತು. ಬಯೋಸಿನಲ್ಲಿ ಪಿಟಿಟಿ (ವಿಂಡೋಸ್ 11 ಕೇಳುವ ಭದ್ರತಾ ಭಾಗ) ಚಾಲೂ ಮಾಡಿ, ಎಂಬಿಆರ್‌ಟುಜಿಪಿಟಿ ಎಂಬ ವಿಂಡೋಸಿನ ಪ್ರೋಗ್ರಾಂನಿಂದ ಸಿ ಡಿಸ್ಕನ್ನು ಜಿಪಿಟಿ ಎಂಬ ಹೊಸ ವಿಭಾಗ ಪದ್ಧತಿಗೆ ಬದಲಿಸಿ, ಬೂಟನ್ನು ಯುಇಎಫ್‌ಐ ಎಂಬ ಹೊಸ ವಿಧಾನಕ್ಕೆ ತಂದು ಸೆಪ್ಟೆಂಬರಿನಲ್ಲೇ ಮುಗಿಸಿದರು. ಮೊದಲು ಸಿ ಡ್ರೈವಿನ ಪೂರ್ತಿ ಇಮೇಜ್ ತೆಗೆದಿಟ್ಟಿದ್ದರು.

ಯುಪಿಎಸ್‌ನ ಪರೀಕ್ಷೆಯೂ ಅದೇ ತಿಂಗಳು ಆಯಿತು. ಗೋಡೆಯ ಪ್ಲಗ್ ಎಳೆದರೆ ನಲವತ್ತು ಸೆಕೆಂಡಿಗೆ ಎಲ್ಲ ಕತ್ತಲು. ಬರೆಯುತ್ತಿರುವಾಗ ಕರೆಂಟು ಹೋದರೆ ಸಾಮಾನ್ಯ ಎಸ್‌ಎಸ್‌ಡಿ ಕೈಯಲ್ಲಿದ್ದದ್ದನ್ನು ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ವಿಳಾಸಪಟ್ಟಿಯನ್ನೇ ಕೆಡಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ 12 ವೋಲ್ಟ್ 7 ಎಎಚ್‌ನ ಬ್ಯಾಟರಿ ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸುವುದು ಎಸ್‌ಎಸ್‌ಡಿಯ ಬೆಲೆಯೊಳಗೇ ಸೇರಿಸಬೇಕಾದ ಖರ್ಚು.

ಪರ್ಯಾಯದ ವಾರ

ನವೆಂಬರ್, ಡಿಸೆಂಬರ್ ಸುಸೂತ್ರ. ಜನವರಿ 18ಕ್ಕೆ ಪರ್ಯಾಯ, ಕೃಷ್ಣಮಠದ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಹೊರೆಕಾಣಿಕೆಯ ಮೆರವಣಿಗೆಗಳಿಂದ ಹಿಡಿದು ಹತ್ತು ದಿನದಲ್ಲಿ 420 ಜಿಬಿ ಬಂದು ಬಿತ್ತು. ಹಿಂದಿನ ಮೂರು ಮದುವೆ ಇನ್ನೂ ಡೆಲಿವರಿ ಆಗಿರಲಿಲ್ಲ, ಒಬ್ಬ ಗಿರಾಕಿ ಹಾಡು ಬದಲಿಸಿ ಎಂದು ಕೂತಿದ್ದರು. ಡಿಸ್ಕು ಶೇ. 94 ತುಂಬಿತು. ಉಳಿದದ್ದು 56 ಜಿಬಿ; ಟಿಎಲ್‌ಸಿಯಲ್ಲಿ ಅದರ ಮೂರನೇ ಒಂದು ಎಂದರೂ ಕ್ಯಾಶ್ 18. ಡಿಸ್ಕು ಬರೆಯುವುದಕ್ಕಿಂತ ಜಾಗ ಮಾಡಿಕೊಳ್ಳುವುದರಲ್ಲೇ ಸುಸ್ತಾಗಿ ವೇಗ 110 ಎಂಬಿಗೆ ಇಳಿಯಿತು. ಆಗಸ್ಟಿನ ನಾಲ್ಕು ಕೆಲಸದ ಲೆಕ್ಕದಲ್ಲಿ ಪರ್ಯಾಯ ಇರಲೇ ಇಲ್ಲ. ಎರಡು ವರ್ಷಕ್ಕೊಮ್ಮೆ ತಪ್ಪದೆ ಬರುವ, ಪೇಟೆಗೆಲ್ಲ ತಾರೀಕು ಗೊತ್ತಿರುವ ಕಾರ್ಯಕ್ರಮ!

ಜಾಗ ಮಾಡುವ ಗಡಿಬಿಡಿಯಲ್ಲಿ ಎಡಿಟರ್ ಡೆಲಿವರಿಯಾಗದ ಮದುವೆಯೊಂದರ ಎರಡನೇ ಕ್ಯಾಮೆರಾದ ಫೋಲ್ಡರನ್ನು ಶಿಫ್ಟ್-ಡಿಲೀಟ್ ಮಾಡಿದ. ಹಾರ್ಡ್‌ಡಿಸ್ಕಿನಲ್ಲಾಗಿದ್ದರೆ ರಿಕವರಿ ಪ್ರೋಗ್ರಾಂನಿಂದ ತೆಗೆಯುವ ಆಸೆ ಇರುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಕೂಡಲೇ ವಿಂಡೋಸ್ ಟ್ರಿಮ್ ಆಜ್ಞೆ ಕಳಿಸುತ್ತದೆ, ಆ ಜಾಗ ಖಾಲಿಯೆಂದು ಡಿಸ್ಕು ಒಳಗಿಂದೊಳಗೇ ಒರೆಸಿ ಹಾಕುತ್ತದೆ. ರಿಕವರಿ ಓಡಿಸಿದರೆ ಫೈಲಿನ ಹೆಸರು ಬಂತು, ಒಳಗೆ ಬರೀ ಸೊನ್ನೆ. ಮದುಮಗಳ ಧಾರೆಯ ಹತ್ತಿರದ ದೃಶ್ಯಗಳು ಅದರಲ್ಲೇ ಇದ್ದವು.

ಉಳಿಸಿದ್ದು ಆಗಸ್ಟಿನಲ್ಲಿ ತಂದ 4 ಟಿಬಿಯ ಹಾರ್ಡ್‌ಡಿಸ್ಕ್. ಕಾರ್ಡಿನಿಂದ ಎಸ್‌ಎಸ್‌ಡಿಗೆ ಇಳಿಸಿದ್ದು ಅದೇ ರಾತ್ರಿ ಹಾರ್ಡ್‌ಡಿಸ್ಕಿಗೂ ಹೋಗಬೇಕು, ಎರಡೂ ಕಡೆ ತೆರೆದು ನೋಡದೆ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು ಎಂಬ ನಿಯಮ ಅಂದಿನಿಂದ ಇತ್ತು.

2 ಟಿಬಿ ತರೋಣವೆಂದರೆ ಬೆಲೆ ಏರಿತ್ತು. ಸ್ಲಾಟಿಗೆ ದಾರಿ ಇತ್ತು: ಖಾಲಿ ಪಿಸಿಐಇ ಎಕ್ಸ್1 ಸ್ಲಾಟಿಗೆ ಅಡಾಪ್ಟರ್ ಕಾರ್ಡ್ ಹಾಕಿ ಇನ್ನೊಂದು ಎನ್‌ವಿಎಂಇ ಕೂರಿಸಬಹುದು, ಒಂದು ಲೇನಿನಲ್ಲಿ 850 ಎಂಬಿ ಆಸುಪಾಸು ಸಿಗುತ್ತದೆ, ಇವರ ಕೆಲಸಕ್ಕೆ ಧಾರಾಳ. ಆದರೆ ಆಗಸ್ಟಿನಲ್ಲಿ ಐದು ಸಾವಿರ ಹೆಚ್ಚು ಕೊಟ್ಟಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಎಂಟು-ಒಂಬತ್ತು ಸಾವಿರ. ಮಾಲೀಕರು ಒಪ್ಪಲಿಲ್ಲ. ಬದಲಿಗೆ ಪ್ರಾಕ್ಸಿಗೆ ಹೋದರು. ಮೂಲ 4ಕೆ ದೃಶ್ಯ ಹಾರ್ಡ್‌ಡಿಸ್ಕಿನಲ್ಲಿ, ಅದರ 960×540ರ ಚಿಕ್ಕ ನಕಲು ಮತ್ತು ಕ್ಯಾಶ್ ಎಸ್‌ಎಸ್‌ಡಿಯಲ್ಲಿ. ರಾತ್ರಿ ಮನೆಗೆ ಹೋಗುವಾಗ ಪ್ರಾಕ್ಸಿ ಮಾಡಲು ಇಟ್ಟರೆ ಬೆಳಿಗ್ಗೆ ಸಿದ್ಧ. ಒಂದು ಮದುವೆಗೆ 150ರ ಬದಲು ಹತ್ತು-ಹನ್ನೆರಡು ಜಿಬಿ. ಬಣ್ಣ ತಿದ್ದುವಾಗ ಮತ್ತು ಎಕ್ಸ್‌ಪೋರ್ಟಿನಲ್ಲಿ ಮಾತ್ರ ಮೂಲ ಫೈಲು ಬೇಕು, ಆ ಓದಿಗೆ ಆರೋಗ್ಯವಾಗಿರುವ ಹಾರ್ಡ್‌ಡಿಸ್ಕ್ ಸಾಕು. ಜೂನಿನಲ್ಲೇ ಯಾರಾದರೂ ಇದನ್ನು ಹೇಳಿಕೊಟ್ಟಿದ್ದರೆ 1 ಟಿಬಿಯೂ ದೊಡ್ಡದಾಗುತ್ತಿತ್ತು. ಅವತ್ತಿನ ಅಗ್ಗದ ಡಿಸ್ಕೇ ಇನ್ನೊಂದು ವರ್ಷ ಎಳೆಯುತ್ತಿತ್ತೇನೋ.

ಕಪಾಟಿನಲ್ಲಿ

ಮುಗಿದ ಕೆಲಸಕ್ಕೆ ಎಸ್‌ಎಸ್‌ಡಿ ಬೇಡವೆಂಬುದು ಮೊದಲೇ ತೀರ್ಮಾನವಾಗಿತ್ತು. ಫ್ಲ್ಯಾಶಿನ ಕೋಶದಲ್ಲಿ ಕೂಡಿಟ್ಟ ವಿದ್ಯುದಂಶ ಕಾಲಕ್ರಮೇಣ ಸೋರುತ್ತದೆ. ಮನೆಬಳಕೆಯ ಎಸ್‌ಎಸ್‌ಡಿಗೆ ಜೆಡೆಕ್ (ಚಿಪ್ ಉದ್ಯಮದ ಮಾನದಂಡ ಸಂಸ್ಥೆ) ಇಟ್ಟಿರುವ ಮಾನದಂಡ, ಬರೆಯುವ ಆಯುಸ್ಸು ಪೂರ್ತಿ ಸವೆದ ಡಿಸ್ಕು ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ದತ್ತಾಂಶ ಹಿಡಿದಿಡಬೇಕು ಎಂಬುದು. ಹೊಸ ಡಿಸ್ಕು ಅದಕ್ಕಿಂತ ಬಹಳ ಹೆಚ್ಚು ಹಿಡಿದೀತು, ಆದರೆ ಐದು ವರ್ಷ ಬಿಟ್ಟು ಮಗುವಿನ ನಾಮಕರಣದ ಹೊತ್ತಿಗೆ ಮದುವೆ ವಿಡಿಯೋ ಕೇಳುತ್ತ ಬರುವ ಗಿರಾಕಿಗೆ ಆ ಭರವಸೆ ಸಾಲದು. ಒಂದೇ ವಿಷಯ ಎರಡು ಹಾರ್ಡ್‌ಡಿಸ್ಕಿನಲ್ಲಿ: ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಮಾಲೀಕರ ಮನೆಯಲ್ಲಿ. ಸ್ಟುಡಿಯೋದ್ದು ಲೆನ್ಸಿಗೆ ಬೂಸಲು ಬಾರದಂತೆ ಇಟ್ಟುಕೊಂಡಿದ್ದ ಡ್ರೈ ಕ್ಯಾಬಿನೆಟ್ಟಿನ ಕೆಳಗಿನ ತಟ್ಟೆಯಲ್ಲಿ, ಮನೆಯದ್ದು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ. ಎರಡರ ಮೇಲೂ ಬಿಳಿ ಟೇಪು, ಟೇಪಿನ ಮೇಲೆ ಕೊನೆಯ ಸಲ ಪರೀಕ್ಷಿಸಿದ ತಾರೀಕು ಮತ್ತು ಆ ದಿನದ ಸಿ5. ಮುಂದಿನ ಪರೀಕ್ಷೆ ಎಂಬಲ್ಲಿ ಎಡಿಟರ್ ಬರೆದದ್ದು “ಆಟಿ” ಎಂದಷ್ಟೇ.